ಕೆಂಪು ನೀರಿನ ಬಾಟಲಿ: ಸಾಗರದ ಒಂದು ಬೀದಿಯಲ್ಲಿ ಮೀಮ್ ಹರಡಿದ ಪ್ರಕರಣ

ಸಾಗರ ಪೇಟೆಯ ಅಂಚಿನಲ್ಲಿ ಒಂದು ಬಡಾವಣೆ. ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಅಲ್ಲಿನ ಒಂದು ಮನೆಯ ಗೇಟಿಗೆ ಕೆಂಪು ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಬಂತು. ಬೀದಿನಾಯಿಗಳು ಗೇಟಿನ ಹತ್ತಿರ ಗಲೀಜು ಮಾಡಬಾರದು ಅಂತ ಇಟ್ಟದ್ದು. ಸಂಕ್ರಾಂತಿ ಬರುವಷ್ಟರಲ್ಲಿ ಆ ಬೀದಿಯ ಹೆಚ್ಚುಕಡಿಮೆ ಮುಕ್ಕಾಲು ಪಾಲು ಮನೆಗಳ ಮುಂದೆ ಅಂಥದ್ದೇ ಬಾಟಲಿ. ಮುಂದಿನ ಮಳೆಗಾಲದ ನಡುವೆ ನೋಡಿದರೆ ಒಂದೂ ಇಲ್ಲ. ಇಡಬೇಕು ಅಂತ ಯಾರೂ ಸಾರಿರಲಿಲ್ಲ, ತೆಗೆಯಬೇಕು ಅಂತಲೂ ಯಾರೂ ಹೇಳಲಿಲ್ಲ.

ಇಂಥ ಬಾಟಲಿಗಳನ್ನು ನೀವೂ ನೋಡಿರುತ್ತೀರಿ. ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು, ಎಲ್ಲಾ ಕಡೆ ಇವೆ. ಕೆಲವು ಕಡೆ ಕೆಂಪು, ಕೆಲವು ಕಡೆ ನೀಲಿ. ನಾನು ಈ ಬೀದಿಯದ್ದನ್ನೇ ಕೂತು ನೋಡಿದ್ದಕ್ಕೆ ಕಾರಣ ಇದೆ. ನಮ್ಮ ಸುತ್ತಲಿನ ಹೆಚ್ಚಿನ ಪದ್ಧತಿಗಳು ನಾವು ಹುಟ್ಟುವ ಮೊದಲೇ ಇದ್ದವು. ಅವು ಹೇಗೆ ಶುರುವಾದವು, ಯಾರಿಂದ ಯಾರಿಗೆ ಹೋದವು ಅಂತ ಹೇಳುವವರು ಸಿಗುವುದಿಲ್ಲ. ಇಲ್ಲಿ ಹಾಗಲ್ಲ. ಒಂದು ಪದ್ಧತಿ ಹುಟ್ಟಿ, ಹಬ್ಬಿ, ಸತ್ತು ಹೋದದ್ದು ಒಂದೇ ವರ್ಷದಲ್ಲಿ, ಕಣ್ಣೆದುರಿಗೆ.

ಇದನ್ನು ನೋಡಲು ನಾನು ಹಿಡಿದ ದಾರಿ ಮೀಮ್ ಎನ್ನುವ ವಿಚಾರ. ಮೊಬೈಲಿನಲ್ಲಿ ಬರುವ ತಮಾಷೆ ಚಿತ್ರಗಳಿಗಿಂತ ಇದು ಹಳೆಯದು, ದೊಡ್ಡದು. 1976ರಲ್ಲಿ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರು 'ದ ಸೆಲ್ಫಿಶ್ ಜೀನ್' ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಇದನ್ನು ಮುಂದಿಟ್ಟರು. ವಂಶವಾಹಿ ಒಂದು ದೇಹದಿಂದ ಇನ್ನೊಂದು ದೇಹಕ್ಕೆ ನಕಲಾಗುತ್ತಾ ಹೋಗುತ್ತದೆ. ಹಾಗೇ ಒಂದು ರಾಗ, ಒಂದು ಮಾತಿನ ವರಸೆ, ಬಟ್ಟೆಯ ಫ್ಯಾಷನ್, ಮಡಕೆ ಮಾಡುವ ರೀತಿ ಒಂದು ತಲೆಯಿಂದ ಇನ್ನೊಂದು ತಲೆಗೆ ನಕಲಾಗುತ್ತದೆ. ನಕಲಾಗುವಾಗ ಸ್ವಲ್ಪ ಬದಲಾಗುತ್ತದೆ. ಬದಲಾದವುಗಳಲ್ಲಿ ಕೆಲವು ಉಳಿಯುತ್ತವೆ, ಕೆಲವು ಅಳಿಯುತ್ತವೆ. ನಕಲು, ಬದಲಾವಣೆ, ಆಯ್ಕೆ ಈ ಮೂರೂ ಇದ್ದ ಕಡೆ ವಿಕಾಸ ಇದ್ದೇ ಇರುತ್ತದೆ ಎನ್ನುವುದು ಅವರ ವಾದ. ಗೆಲ್ಲುವ ಮೀಮ್‌ಗೆ ಮೂರು ಗುಣ ಬೇಕು ಅಂದರು: ಜಾಸ್ತಿ ದಿನ ಬಾಳಬೇಕು, ಬೇಗ ಬೇಗ ನಕಲಾಗಬೇಕು, ಆದಷ್ಟು ತಪ್ಪಿಲ್ಲದೆ ನಕಲಾಗಬೇಕು.

ಈ ವಿಚಾರದಿಂದ ನಮಗೆ ಒಂದು ಒಳ್ಳೆಯ ಪ್ರಶ್ನೆ ಸಿಗುತ್ತದೆ. ಸಾಮಾನ್ಯವಾಗಿ ನಾವು ಕೇಳುವುದು 'ಇದರಿಂದ ಜನರಿಗೆ ಏನು ಉಪಯೋಗ?' ಅಂತ. ಇಲ್ಲಿ ಕೇಳಬೇಕಾದ್ದು 'ತನ್ನನ್ನು ನಕಲು ಮಾಡಿಸಿಕೊಳ್ಳಲು ಇದರಲ್ಲಿ ಏನಿದೆ?' ಅಂತ. ಈ ಎರಡಕ್ಕೂ ಉತ್ತರ ಬೇರೆ ಬೇರೆ ಇರಬಹುದು. ನಮ್ಮ ಬೀದಿಯಲ್ಲಿ ಬೇರೆಯೇ ಇತ್ತು.

ಮೊದಲ ಬಾಟಲಿ

ಮೊದಲು ಇಟ್ಟವರು ನಿವೃತ್ತ ಮೇಷ್ಟ್ರೊಬ್ಬರು. ದಾವಣಗೆರೆಯ ನೆಂಟರ ಮನೆಯಲ್ಲಿ ನೋಡಿ ಬಂದಿದ್ದರು. ಖಾಲಿ ತಂಪುಪಾನೀಯದ ಬಾಟಲಿಗೆ ನೀರು ತುಂಬಿ ಕುಂಕುಮ ಕಲಸಿದರು. ಕುಂಕುಮ ತಳ ಸೇರಿ ಮೇಲಿನ ನೀರು ತಿಳಿಯಾಯಿತು. ಆಮೇಲೆ ಮೊಮ್ಮಕ್ಕಳು ಹೋಳಿ ಹಬ್ಬಕ್ಕೆ ತಂದು ಉಳಿಸಿದ್ದ ಬಣ್ಣದ ಪುಡಿ ಹಾಕಿದರು. ಈಗ ಗಾಢ ಕೆಂಪು, ದೂರಕ್ಕೂ ಕಾಣುವಂಥದ್ದು. ಅವರ ಗೇಟಿನ ಹತ್ತಿರ ನೆಲ ಇಳಿಜಾರು. ಬಾಟಲಿ ಉರುಳಿ ಚರಂಡಿಗೆ ಬಿತ್ತು. ಅದಕ್ಕೆ ಗೋಣಿಚೀಲ ಹೊಲಿಯುವ ದಾರ ತಂದು ಬಾಟಲಿಯ ಕುತ್ತಿಗೆಗೆ ಎರಡು ಸುತ್ತು ಸುತ್ತಿ ಗೇಟಿನ ಕೆಳಗಿನ ಸರಳಿಗೆ ಕಟ್ಟಿದರು.

ಈ ದಾರವನ್ನು ನೆನಪಿಟ್ಟುಕೊಳ್ಳಿ. ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಇದೇ.

ಎರಡನೆಯ ಬಾಟಲಿ ಬಂದದ್ದು ಎದುರು ಮನೆಗೆ. ಅಲ್ಲಿ ನೆಲ ಸಪಾಟು, ಸಿಮೆಂಟು ಹಾಕಿದ್ದು. ಬಾಟಲಿ ಉರುಳುವ ಮಾತೇ ಇಲ್ಲ. ಆದರೂ ಗೋಣಿ ದಾರದಲ್ಲಿ ಎರಡು ಸುತ್ತು ಸುತ್ತಿ ಕೆಳಗಿನ ಸರಳಿಗೇ ಕಟ್ಟಿದ್ದರು. ಆ ಸಾಲಿನ ಮುಂದಿನ ಮನೆಗಳಲ್ಲೂ ಹಾಗೇ. ಒಬ್ಬರ ಮನೆಗೆ ಗೇಟೇ ಇರಲಿಲ್ಲ. ಅವರು ಒಂದು ಗೂಟ ಹುಗಿದು ಅದಕ್ಕೆ ಕಟ್ಟಿದರು. 'ದಾರ ಎಂತಕ್ಕೆ?' ಅಂತ ಕೇಳಿದರೆ, 'ಕಟ್ಟದೇ ಇದ್ದರೆ ಆಗ್ತದಾ? ಎಲ್ಲರೂ ಕಟ್ಟಿದಾರಲ್ಲ ಮಾರಾಯ್ರೆ' ಅಂದರು.

ಇದನ್ನು ದಡ್ಡತನ ಅಂತ ತಳ್ಳಿಹಾಕಬೇಡಿ. ಮನುಷ್ಯರು ಕಲಿಯುವ ರೀತಿಯೇ ಇದು. 2005ರಲ್ಲಿ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರೂ ವೈಟನ್ ಒಂದು ಪ್ರಯೋಗ ಪ್ರಕಟಿಸಿದರು. ಒಳಗೆ ತಿಂಡಿ ಇರುವ ಪೆಟ್ಟಿಗೆಯನ್ನು ಹೇಗೆ ತೆಗೆಯಬೇಕು ಅಂತ ಚಿಂಪಾಂಜಿಗಳಿಗೂ ಪುಟ್ಟ ಮಕ್ಕಳಿಗೂ ತೋರಿಸಿದರು. ತೋರಿಸುವಾಗ ಬೇಕಿಲ್ಲದ ಕೆಲಸಗಳನ್ನೂ ಸೇರಿಸಿದರು. ಪೆಟ್ಟಿಗೆ ಪಾರದರ್ಶಕವಾಗಿದ್ದಾಗ, ಅಂದರೆ ಯಾವ ಕೆಲಸ ಸುಮ್ನೆ ಅಂತ ಕಣ್ಣಿಗೇ ಕಾಣುವಾಗ, ಚಿಂಪಾಂಜಿಗಳು ಅದನ್ನು ಬಿಟ್ಟು ನೇರ ತಿಂಡಿಗೆ ಕೈ ಹಾಕಿದವು. ಮಕ್ಕಳು ಎಲ್ಲವನ್ನೂ ಹಾಗೆ ಹಾಗೇ ಮಾಡಿದರು. ಇದರಲ್ಲಿ ಮಕ್ಕಳ ಕೊರತೆ ಏನೂ ನನಗೆ ಕಾಣುವುದಿಲ್ಲ. ಮಜ್ಜಿಗೆಗೆ ಒಗ್ಗರಣೆ ಯಾವಾಗ ಹಾಕಬೇಕು, ಅಡಿಕೆ ಎಷ್ಟು ಹೊತ್ತು ಬೇಯಿಸಬೇಕು ಎನ್ನುವುದಕ್ಕೆಲ್ಲ ಕಾರಣ ಕೇಳಿ ಕೂತರೆ ಯಾರೂ ಏನೂ ಕಲಿಯಲಾರರು. ದೊಡ್ಡವರು ಮಾಡಿದ್ದನ್ನು ಮೊದಲು ಪೂರ್ತಿ ಮಾಡು, ಕಾರಣ ಆಮೇಲೆ ನೋಡೋಣ ಎನ್ನುವ ಈ ಗುಣದಿಂದಲೇ ಮನುಷ್ಯರ ತಿಳಿವಳಿಕೆ ತಲೆಮಾರು ದಾಟುತ್ತದೆ. ಅದರ ಜೊತೆಯಲ್ಲಿ ಗೋಣಿ ದಾರವೂ ದಾಟುತ್ತದೆ.

ಹಬ್ಬಿದ ದಾರಿ

ಬಾಟಲಿ ಹರಡಿದ್ದು ಮಾತಿನಿಂದ ಅಂತ ನಾನು ಅಂದುಕೊಂಡಿದ್ದೆ. ಕೇಳಿ ನೋಡಿದರೆ ಹೆಚ್ಚಿನವರು ಒಬ್ಬರಿಗೊಬ್ಬರು ಇದರ ಬಗ್ಗೆ ಮಾತಾಡೇ ಇರಲಿಲ್ಲ. ನೋಡಿದರು, ಇಟ್ಟರು. ಯಾವ ಮನೆಯ ಜಗಲಿಯಿಂದ ಯಾವ ಗೇಟು ಕಾಣುತ್ತದೋ ಆ ದಾರಿಯಲ್ಲೇ ಬಾಟಲಿ ಹೋಯಿತು. ನಡುವೆ ಒಂದು ಮನೆಗೆ ಎತ್ತರದ ದಾಸವಾಳದ ಬೇಲಿ. ಅದರಾಚೆಯ ಮನೆಯವರಿಗೆ ಪಕ್ಕದವರ ಗೇಟು ಕಾಣುವುದಿಲ್ಲ. ಅಲ್ಲಿಗೆ ಬಾಟಲಿ ಬಂದದ್ದು ತೀರಾ ತಡವಾಗಿ, ಅದೂ ಬೀದಿಯ ಇನ್ನೊಂದು ತುದಿಯಿಂದ.

ಇನ್ನೊಂದು ತುದಿಯಲ್ಲಿ ಟೈಲರ್ ಅಕ್ಕನ ಅಂಗಡಿ. ರವಿಕೆ ಹೊಲಿಸಲು ನಾಲ್ಕೂ ಬೀದಿಯ ಹೆಂಗಸರು ಅಲ್ಲಿಗೆ ಬರುತ್ತಾರೆ. ಅಕ್ಕ ಅಂಗಡಿ ಮೆಟ್ಟಿಲ ಮೇಲೆ ಬಾಟಲಿ ಇಟ್ಟರು. ಕಟ್ಟಲು ಸರಳು ಇರಲಿಲ್ಲ, ಹಾಗಾಗಿ ಒಡೆದ ಹೆಂಚಿನ ಚೂರನ್ನು ಅಡಿಗೆ ಕೊಟ್ಟು ನಿಲ್ಲಿಸಿದರು. ಅಲ್ಲಿಂದ ಹಿಂದಿನ ಬೀದಿಗೆ ಹೋದ ಬಾಟಲಿಗಳೆಲ್ಲ ಹೆಂಚಿನ ಮೇಲೆ ನಿಂತವು. ದಾರ ಇಲ್ಲ. ಹೀಗೆ ಎರಡು ಕವಲಾಯಿತು: ದಾರದ ಬಾಟಲಿ, ಹೆಂಚಿನ ಬಾಟಲಿ. ದಾಸವಾಳದ ಬೇಲಿಯಾಚೆಯ ಮನೆಯ ಬಾಟಲಿ ಹೆಂಚಿನ ಮೇಲಿತ್ತು. ಪಕ್ಕದ ಮನೆಯಲ್ಲಿ ದಾರ, ಇಲ್ಲಿ ಹೆಂಚು. ಆ ಮನೆಯವರನ್ನು ಕೇಳುವ ಮೊದಲೇ ಅದು ಟೈಲರ್ ಅಂಗಡಿಯ ಕಡೆಯಿಂದ ಬಂದದ್ದು ಅಂತ ಗೊತ್ತಾಯಿತು. ಕೇಳಿದಾಗ ಅವರೂ ಹಾಗೇ ಹೇಳಿದರು.

ಓಲೆಗರಿಯ ಗ್ರಂಥಗಳನ್ನು ಸಂಪಾದನೆ ಮಾಡುವವರು ಇದೇ ಉಪಾಯ ಬಳಸುತ್ತಾರೆ. ಸಾಗರದ ಪಕ್ಕದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಅಂಥ ಗರಿಗಳ ಕಟ್ಟುಗಳಿವೆ. ಎರಡು ಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ಇದ್ದರೆ ಅದರಿಂದ ಏನೂ ತಿಳಿಯದು. ಎರಡರಲ್ಲೂ ಒಂದೇ ತಪ್ಪು ಇದ್ದರೆ, ಒಂದು ಇನ್ನೊಂದರ ನಕಲು, ಇಲ್ಲವೇ ಎರಡೂ ಒಂದೇ ಮೂಲದ ನಕಲು. 2003ರಲ್ಲಿ ಚಾರ್ಲ್ಸ್ ಬೆನೆಟ್, ಮಿಂಗ್ ಲಿ, ಬಿನ್ ಮಾ ಎನ್ನುವ ಮೂವರು ಸರಪಳಿ ಪತ್ರಗಳ ಮೇಲೆ ಇದೇ ಕೆಲಸ ಮಾಡಿದರು. 'ಇಷ್ಟು ಜನರಿಗೆ ಬರೆದು ಕಳಿಸು, ಕಳಿಸದಿದ್ದರೆ ಕೇಡು' ಎನ್ನುವ ಕಾಗದಗಳು ನಮ್ಮಲ್ಲೂ ಬರುತ್ತಿದ್ದವಲ್ಲ, ಅಂಥವು. 1980ರಿಂದ 1995ರವರೆಗಿನ 33 ಪತ್ರಗಳನ್ನು ಸೇರಿಸಿ, ಜೀವಿಗಳ ವಂಶವೃಕ್ಷ ಬರೆಯುವ ವಿಧಾನದಲ್ಲೇ ಅವುಗಳ ವಂಶವೃಕ್ಷ ಬರೆದರು. ನನ್ನ ಬೀದಿಯಲ್ಲಿ ಗೋಣಿ ದಾರ ಮಾಡಿದ ಕೆಲಸವೂ ಅದೇ. ಉಪಯೋಗವಿಲ್ಲದ ಅಂಶವೇ ಮೂಲವನ್ನು ಹೇಳಿಕೊಟ್ಟಿತು.

ಕಾರಣಗಳು

ಬಾಟಲಿ ನಾಯಿಯನ್ನು ಹೇಗೆ ಓಡಿಸುತ್ತದೆ ಅಂತ ಮನೆಮನೆಯಲ್ಲಿ ಕೇಳಿದೆ. ಒಬ್ಬರು ನಾಯಿಗೆ ಕೆಂಪು ಅಂದರೆ ಹೆದರಿಕೆ ಅಂದರು. ಒಬ್ಬರ ಪ್ರಕಾರ ಅದು ರಕ್ತದ ಹಾಗೆ ಕಾಣುತ್ತದೆ. ಇನ್ನೊಬ್ಬರು ಬಿಸಿಲು ಬಿದ್ದಾಗ ಬೆಳಕು ನಾಯಿಯ ಕಣ್ಣು ಕುಕ್ಕುತ್ತದೆ ಅಂದರು. ನಾಯಿಗೆ ತನ್ನದೇ ನೆರಳು ಕಾಣುತ್ತದೆ ಅಂತ ಒಬ್ಬರು, ಕುಂಕುಮದ ವಾಸನೆ ಆಗುವುದಿಲ್ಲ ಅಂತ ಮತ್ತೊಬ್ಬರು. ಈ ಕೊನೆಯವರ ಬಾಟಲಿಯಲ್ಲಿ ಇದ್ದದ್ದು ಹೋಳಿ ಬಣ್ಣ, ಮುಚ್ಚಳ ಬಿಗಿಯಾಗಿತ್ತು. ಒಬ್ಬ ಅಜ್ಜಿ ಮಾತ್ರ ನಾಯಿಯ ಮಾತೇ ಎತ್ತಲಿಲ್ಲ. 'ದೃಷ್ಟಿ ಆಗಬಾರದು ಅಂತ ಇಟ್ಟದ್ದು ತಮ್ಮಾ' ಅಂದರು.

ಅಂದರೆ ಬಾಟಲಿ ಮನೆಯಿಂದ ಮನೆಗೆ ಹೋಯಿತು, ಕಾರಣ ಹೋಗಲಿಲ್ಲ. ಕಾರಣವನ್ನು ಪ್ರತಿಯೊಬ್ಬರೂ ತಮ್ಮಲ್ಲಿ ಮೊದಲೇ ಇದ್ದ ತಿಳಿವಳಿಕೆಯಿಂದ ಹೊಸದಾಗಿ ಮಾಡಿಕೊಂಡರು.

ಒಂದು ಉತ್ತರವಂತೂ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅಂಗನವಾಡಿಗೆ ಹೋಗುವ ಮಗುವಿನ ತಾಯಿ ಹೇಳಿದ್ದು: 'ಕೆಲಸ ಮಾಡ್ತದೋ ಇಲ್ವೋ ನಂಗೆ ಗೊತ್ತಿಲ್ಲ. ಆದ್ರೆ ಎಲ್ಲರ ಮನೆ ಮುಂದೂ ಇಟ್ಟು ನಮ್ಮ ಮನೆ ಮುಂದೆ ಮಾತ್ರ ಇಡದೇ ಇದ್ರೆ ನಾಯಿ ಎಲ್ಲಾ ನಮ್ಮಲ್ಲಿಗೇ ಬರ್ತವೆ ಅಲ್ವಾ?' ಈ ಲೆಕ್ಕ ಪಕ್ಕಾ ಇದೆ. ನಂಬಿಕೆ ಬೇಕಿಲ್ಲ, ಸಣ್ಣ ಅನುಮಾನ ಸಾಕು. ಬಾಟಲಿಗೆ ಖರ್ಚಿಲ್ಲ. ಇಡದಿದ್ದರೆ ಆಗಬಹುದಾದ ನಷ್ಟ, ಇಟ್ಟ ಮನೆಗಳು ಹೆಚ್ಚಿದಷ್ಟೂ ಹೆಚ್ಚುತ್ತದೆ. ಹೀಗಾಗಿ ಅರ್ಧ ಬೀದಿ ದಾಟಿದ ಮೇಲೆ ಉಳಿದರ್ಧ ತುಂಬಲು ತಡವಾಗಲಿಲ್ಲ. ತಾನು ಹರಡಿದಷ್ಟೂ ಇನ್ನೂ ಹರಡುವುದಕ್ಕೆ ಬೇಕಾದ ಒತ್ತಡವನ್ನು ಬಾಟಲಿಯೇ ಹುಟ್ಟಿಸಿತು.

ನಾಯಿಯ ಕಡೆಯಿಂದ ನೋಡಿದರೆ ಕೆಂಪು ಬಣ್ಣದಲ್ಲಿ ಏನೂ ಇಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳಿವೆ, ನಾಯಿಗೆ ಎರಡೇ. 1989ರಲ್ಲಿ ಜೇ ನೈಟ್ಜ್ ಮತ್ತು ಜೊತೆಯವರು ಇದನ್ನು ಅಳೆದು ತೋರಿಸಿದರು. ಒಂದು ಬಗೆ ಸುಮಾರು 429 ನ್ಯಾನೋಮೀಟರ್ ಬೆಳಕಿಗೆ, ಇನ್ನೊಂದು ಸುಮಾರು 555ಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ. ನೀಲಿ, ಹಳದಿ ನಾಯಿಗೆ ಬೇರೆ ಬೇರೆಯಾಗಿ ಕಾಣುತ್ತವೆ. ಕೆಂಪು ಮಂಕಾಗಿ, ಕಂದು ಬಣ್ಣದ ಹಾಗೆ ಕಾಣುತ್ತದೆ. ಆ ಗಾಢ ಕೆಂಪು ಎದ್ದು ಕಂಡದ್ದು ಮನುಷ್ಯರಿಗೆ. ಮೀಮ್ ಲೆಕ್ಕದಲ್ಲಿ ಅಷ್ಟು ಸಾಕು, ಯಾಕಂದರೆ ಬಾಟಲಿಯನ್ನು ನಕಲು ಮಾಡುವವರು ನಾವು, ನಾಯಿಯಲ್ಲ.

ಆದರೂ 'ನಾಯಿ ಬರುವುದು ಕಮ್ಮಿಯಾಯಿತು' ಅಂತ ಹಲವರು ಹೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬಾಟಲಿ ಇಡುವ ದಿನ ಎಲ್ಲರೂ ಮೊದಲು ಗೇಟಿನ ಬುಡವನ್ನು ಫಿನೈಲ್ ಹಾಕಿ ತೊಳೆದಿದ್ದರು. ನಾಯಿ ಕಾಲೆತ್ತುವುದು ಹಿಂದಿನ ವಾಸನೆ ಹಿಡಿದು. ವಾಸನೆ ಹೋದರೆ ಕೆಲವು ದಿನ ಕಾಟ ಕಡಿಮೆಯಾಗುವುದು ಸಹಜ. ಇನ್ನೊಂದು, ಜನ ಉಪಾಯ ಹುಡುಕುವುದು ಕಾಟ ಮಿತಿಮೀರಿದಾಗ. ಮಿತಿಮೀರಿದ್ದು ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಇಳಿದದ್ದರ ಹೆಸರು ಬಾಟಲಿಗೆ ಬಂತು. ಎರಡನೇ ಮನೆಯ ಗೇಟಿನಲ್ಲಿ ಬಾಟಲಿಗೆ ಬೆನ್ನು ತಾಗಿಸಿಕೊಂಡು ಒಂದು ಕಂದು ನಾಯಿ ದಿನಾ ಮಲಗುತ್ತಿತ್ತು. ಕೇಳಿದ್ದಕ್ಕೆ ಆ ಮನೆಯವರು, 'ಅದು ನಮ್ಮ ಬೀದಿದೇ ನಾಯಿ, ಅದಕ್ಕೆ ರೂಢಿ ಆಗಿದೆ. ಹೊರಗಿನ ನಾಯಿ ಬರೋದಿಲ್ಲ' ಅಂದರು.

ಘಟಕ ಯಾವುದು?

ಮೀಮ್ ವಿಚಾರಕ್ಕೆ ಇರುವ ದೊಡ್ಡ ಆಕ್ಷೇಪಣೆ ಇಲ್ಲೇ ಎದುರಾಗುತ್ತದೆ. ಸಂಸ್ಕೃತಿಯ ವಿಕಾಸಕ್ಕೆ ಮೀಮ್ ಘಟಕ ಅನ್ನುವುದಾದರೆ, ಈ ಬೀದಿಯಲ್ಲಿ ಘಟಕ ಯಾವುದು? ಬಾಟಲಿಯೋ, ಬಣ್ಣವೋ, ದಾರವೋ, 'ನಾಯಿ ಹೆದರುತ್ತದೆ' ಎನ್ನುವ ನಂಬಿಕೆಯೋ? ವಂಶವಾಹಿಯನ್ನು ಡಿಎನ್ಎಯಲ್ಲಿ ಇಂಥಲ್ಲಿ ಅಂತ ತೋರಿಸಬಹುದು. ಮೀಮ್‌ಗೆ ಅಂಥ ಜಾಗ ಇಲ್ಲ. ಈ ತೊಡಕು ಕೊನೆಗೂ ಬಗೆಹರಿಯಲಿಲ್ಲ. ಮನಶ್ಶಾಸ್ತ್ರಜ್ಞೆ ಸೂಸನ್ ಬ್ಲ್ಯಾಕ್‌ಮೋರ್ 1999ರಲ್ಲಿ, ಅನುಕರಣೆಯಿಂದ ದಾಟುವುದೆಲ್ಲ ಮೀಮ್ ಅಂತ ಗಟ್ಟಿಯಾಗಿ ವಾದಿಸಿದರು. ಈ ಅಧ್ಯಯನಕ್ಕೇ ಅಂತ 1997ರಲ್ಲಿ ಶುರುವಾದ 'ಜರ್ನಲ್ ಆಫ್ ಮೆಮೆಟಿಕ್ಸ್' ಎನ್ನುವ ಪತ್ರಿಕೆ 2005ರಲ್ಲಿ ನಿಂತುಹೋಯಿತು.

ಫ್ರಾನ್ಸಿನ ಮಾನವಶಾಸ್ತ್ರಜ್ಞ ಡಾನ್ ಸ್ಪರ್ಬರ್ ಅವರ ತಕರಾರು ಇನ್ನೂ ಆಳದ್ದು. ವಿಚಾರಗಳು ನಕಲಾಗುವುದೇ ಅಪರೂಪ ಅಂತ ಅವರು 1996ರಲ್ಲಿ ಬರೆದರು. ಕೇಳಿದವರು, ನೋಡಿದವರು ಪ್ರತಿ ಸಲ ತಮ್ಮ ತಲೆಯಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತಾರೆ. ಎಲ್ಲರ ಮನಸ್ಸೂ ಸುತ್ತಲಿನ ಸಾಮಾನೂ ಒಂದೇ ಥರ ಇರುವುದರಿಂದ ಕಟ್ಟಿಕೊಂಡದ್ದೂ ಒಂದೇ ಥರ ಕಾಣುತ್ತದೆ, ಅಷ್ಟೇ.

ನಮ್ಮ ಬೀದಿಯ ಮಟ್ಟಿಗೆ ಡಾಕಿನ್ಸ್, ಸ್ಪರ್ಬರ್ ಇಬ್ಬರೂ ಸರಿ, ಆದರೆ ಬೇರೆ ಬೇರೆ ಭಾಗಕ್ಕೆ. ಕಾರಣಗಳ ವಿಷಯದಲ್ಲಿ ಸ್ಪರ್ಬರ್ ಹೇಳಿದ ಹಾಗೇ ಆಯಿತು. ಬಣ್ಣವೂ ಅಷ್ಟೇ: ಎಲ್ಲರ ಮನೆಯಲ್ಲೂ ಖಾಲಿ ಬಾಟಲಿ, ಕುಂಕುಮ, ಹೋಳಿ ಪುಡಿ ಇದ್ದೇ ಇರುತ್ತವೆ, ಹಾಗಾಗಿ ಕೆಂಪು ಕೆಂಪಾಗೇ ಉಳಿಯಿತು. ಆದರೆ ಗೋಣಿ ದಾರದ ಎರಡು ಸುತ್ತು ಯಾರ ತಲೆಯಲ್ಲೂ ತಾನಾಗಿ ಹುಟ್ಟುವಂಥದ್ದಲ್ಲ. ಸಪಾಟು ನೆಲದ ಮನೆಗೆ ಅದು ನಕಲಿನಿಂದ ಮಾತ್ರ ಬರಲು ಸಾಧ್ಯ. ಜಪಾನಿನಲ್ಲಿ ಬೆಕ್ಕು ಬಾರದಿರಲು ಮನೆ ಮುಂದೆ ನೀರಿನ ಬಾಟಲಿ ಇಡುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಹುಲ್ಲುಹಾಸಿನ ಮೇಲೆ ನಾಯಿಗಾಗಿ ಇಡುತ್ತಿದ್ದರು. ಅವುಗಳಿಗೂ ನಮ್ಮದಕ್ಕೂ ರಕ್ತಸಂಬಂಧ ಇದೆಯೋ, ಬೇರೆ ಬೇರೆಯಾಗಿ ಹುಟ್ಟಿದವೋ ಅಂತ ಬರೀ ಬಾಟಲಿ ನೋಡಿ ಹೇಳಲಾಗದು. ದಾರದಂಥ ಗುರುತು ಬೇಕು. ಆದ್ದರಿಂದ ನನ್ನ ಅಭಿಪ್ರಾಯ ಇದು: ಘಟಕವನ್ನು ಮೊದಲೇ ಗೆರೆ ಕೊರೆದು ಹುಡುಕಬಾರದು. ಯಾವ ಅಂಶ ಬೇಡದಿದ್ದರೂ ಬದಲಾಗದೆ ಜೊತೆಗೆ ಸಾಗುತ್ತದೋ ಅದನ್ನು ಘಟಕ ಅಂತ ಹಿಡಿಯಬೇಕು.

ಎಲ್ಲಾ ಸಂಸ್ಕೃತಿಯೂ ಹೀಗೆ ಅಡ್ಡಡ್ಡ ಹರಡುವುದಿಲ್ಲ. ಇದೇ ಸಾಗರ, ಸೊರಬ ಸೀಮೆಯ ದೀವರ ಸಮುದಾಯದ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿ ನಾರಿನ ಕುಂಚದಿಂದ, ಅಕ್ಕಿ ಹಿಟ್ಟಿನ ಬಿಳಿ ಎಳೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಅದೇ ಚಿತ್ತಾರ. ಇದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ, ಪಕ್ಕ ಕೂತು ಕೈ ತಿದ್ದಿಸಿಕೊಂಡು ಬಂದದ್ದು. 1981ರಲ್ಲಿ ಕವಾಲಿ-ಸ್ಫೋರ್ಜಾ ಮತ್ತು ಫೆಲ್ಡ್‌ಮನ್ ಸಂಸ್ಕೃತಿ ದಾಟುವ ದಾರಿಗಳನ್ನು ವಿಂಗಡಿಸಿದಾಗ, ಹೆತ್ತವರಿಂದ ಮಕ್ಕಳಿಗೆ ಬರುವುದು ನಿಧಾನಕ್ಕೆ ಬದಲಾಗುತ್ತದೆ, ಓರಗೆಯವರಲ್ಲಿ ಹರಡುವುದು ಬೇಗ ಏರಿಳಿಯುತ್ತದೆ ಅಂತ ತೋರಿಸಿದ್ದರು. ಚಿತ್ತಾರದಲ್ಲಿ ಎಳೆ ತಪ್ಪಿದರೆ ತಿದ್ದುವವರಿದ್ದಾರೆ. ಬಾಟಲಿಗೆ ತಿದ್ದುವವರಿರಲಿಲ್ಲ, ಬಿಟ್ಟರೆ ಕೇಳುವವರೂ ಇರಲಿಲ್ಲ.

ಮಳೆ ಬಂದ ಮೇಲೆ

ಮಾರ್ಚ್, ಏಪ್ರಿಲ್ ಬಿಸಿಲಿಗೆ ಕೆಂಪು ಮಾಸಿತು. ಒಳಗೆ ಪಾಚಿ ಕಟ್ಟಿತು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಹೆಂಚಿನ ಮೇಲೆ ನಿಂತಿದ್ದವು ಮೊದಲು ಚರಂಡಿ ಪಾಲಾದವು. ದಾರದವು ಇನ್ನೊಂದಷ್ಟು ದಿನ ನೇತಾಡಿದವು. ಡೆಂಗ್ಯೂ ಸರ್ವೆಗೆ ಬಂದ ಆಶಾ ಅಕ್ಕ ಮುಚ್ಚಳ ಹೋದ ಬಾಟಲಿಗಳಲ್ಲಿ ಸೊಳ್ಳೆ ಮರಿ ನೋಡಿ, ಚೆಲ್ಲಿಸಿದರು. ಮಳೆಯಲ್ಲಿ ಬೇರೆಯವರ ಗೇಟು ನೋಡುತ್ತಾ ಜಗಲಿಯಲ್ಲಿ ಕೂರುವವರೂ ಇಲ್ಲ. ಇಡುವ ಒತ್ತಡ ಹೇಗೆ ಏರಿತ್ತೋ ಹಾಗೇ ಇಳಿಯಿತು: ಪಕ್ಕದವರದ್ದು ಇಲ್ಲ ಅಂದಮೇಲೆ ನಮ್ಮದೂ ಬೇಡ. ಬಾಟಲಿ ಕೆಲಸ ಮಾಡುವುದಿಲ್ಲ ಅಂತ ತಿಳಿದು ಯಾರೂ ಬಿಡಲಿಲ್ಲ. ಮರುವರ್ಷ ಕೆಲವು ಮನೆಗಳಲ್ಲಿ ಮತ್ತೆ ಬಂತು, ಈ ಸಲ ಬಟ್ಟೆಗೆ ಹಾಕುವ ನೀಲಿ ಕಲಸಿ. ಅವುಗಳಲ್ಲೂ ಕೆಲವಕ್ಕೆ ಗೋಣಿ ದಾರ ಇದೆ.

ಈ ಪ್ರಕರಣ ನನ್ನ ಮನಸ್ಸಿನಲ್ಲಿ ಇಷ್ಟು ಕೂತಿದ್ದಕ್ಕೆ ನಿಜವಾದ ಕಾರಣ ನಾಯಿಯಲ್ಲ. ಬಾಟಲಿ ಹಬ್ಬಿದ ತಿಂಗಳುಗಳೇ ನಮ್ಮಲ್ಲಿ ಮಂಗನ ಕಾಯಿಲೆಯ ತಿಂಗಳುಗಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಜ್ವರ ಉಣುಗು (ಉಣ್ಣೆ) ಕಚ್ಚಿ ಬರುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಜ್ವರಕ್ಕೆ ಹಲವರು ತೀರಿಕೊಂಡದ್ದನ್ನು ಇಲ್ಲಿಯವರಿಗೆ ಹೇಳಬೇಕಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯೂ ಸಾಕಷ್ಟು ರಕ್ಷಣೆ ಕೊಡುವುದಿಲ್ಲ ಅಂತ ನಿಂತಿದೆ. ದರಕು (ಒಣಗಿದ ಎಲೆ) ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಆರೋಗ್ಯ ಇಲಾಖೆ ಅದನ್ನು ಕೊಡುತ್ತದೆ. ಆದರೆ ತುಂಬಾ ಮನೆಗಳಲ್ಲಿ ಆ ಬಾಟಲಿ ಕಪಾಟಿನೊಳಗೇ ಇರುತ್ತದೆ. ಕೆಲಸ ಮಾಡದ ಬಾಟಲಿ ಇಡೀ ಬೀದಿ ಹಬ್ಬಿತು, ಕೆಲಸ ಮಾಡುವ ಬಾಟಲಿ ಪಕ್ಕದ ಮನೆಗೂ ದಾಟುವುದಿಲ್ಲ.

ಸಮಾಜಶಾಸ್ತ್ರಜ್ಞ ಎವೆರೆಟ್ ರೋಜರ್ಸ್ 1962ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಹೊಸ ಪದ್ಧತಿ ಹರಡಬೇಕಾದರೆ ಅದು ಬೇರೆಯವರ ಕಣ್ಣಿಗೆ ಬೀಳುವಂತಿರಬೇಕು ಅಂತ. ಎಣ್ಣೆಯನ್ನು ಒಳಗೆ ಹಚ್ಚಿಕೊಂಡು ಹೊರಟವರನ್ನು ನೋಡಿದರೆ ಹಚ್ಚಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಜ್ವರ ಬಾರದೇ ಇದ್ದದ್ದೂ ಯಾರಿಗೂ ಕಾಣುವುದಿಲ್ಲ. ನಕಲು ಮಾಡಲು ಅಲ್ಲಿ ಏನೂ ಇಲ್ಲ.

ಹಾಗಾಗಿ ಎಣ್ಣೆ ಹಚ್ಚುವ ಜಾಗವನ್ನೇ ಹೊರಗೆ ತರಬೇಕು ಅಂತ ನನಗೆ ಅನ್ನಿಸಿದೆ. ಸೊಪ್ಪಿನ ಬೆಟ್ಟಕ್ಕೆ ಹೋಗುವ ದಾರಿಯ ಉಣುಗೋಲಿಗೆ, ಅಂದರೆ ಬೇಲಿಯ ಗಳದ ಗೇಟಿಗೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಡೆಪಾ ಬಾಟಲಿ ಕಟ್ಟುವುದು. ಎಲ್ಲರೂ ಹಾದು ಹೋಗುವ ಜಾಗ ಅದು. ಒಬ್ಬರು ಅಲ್ಲಿ ನಿಂತು ಕಾಲಿಗೆ ಹಚ್ಚಿಕೊಂಡರೆ ಹಿಂದೆ ಬಂದವರಿಗೆ ಕಾಣುತ್ತದೆ. ಮೊದಲು ಕಟ್ಟುವಾಗ ಊರಲ್ಲಿ ಜಾಸ್ತಿ ಜನ ತಿರುಗಾಡುವ ಒಂದು ದಾರಿ ಆರಿಸಿಕೊಳ್ಳಬೇಕು, ನಮ್ಮ ಟೈಲರ್ ಅಕ್ಕನ ಅಂಗಡಿಯಂಥ ಜಾಗ. ಇದನ್ನು ಆಶಾ ಅಕ್ಕನ ಹತ್ತಿರ ಹೇಳಿದೆ. ಅವರು ಒಪ್ಪಿದರು, ಆದರೆ ತಕ್ಷಣ ಕೇಳಿದ್ದು: 'ದಿನವಿಡೀ ಬಿಸಿಲಲ್ಲಿದ್ರೆ ಎಣ್ಣೆ ಹಾಳಾಗೋದಿಲ್ವಾ?' ದೀಪಾವಳಿಗೆ ಮೊದಲು ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಅದು.